ಹತ್ತನೇ ವರ್ಷಕ್ಕೆ ಒಮ್ಮೆ ಬೆರಳಿಟ್ಟು ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ನಿಮ್ಮ ಮನೆಯಲ್ಲಿ ಹತ್ತು ವರ್ಷದ ಮಗು ಇದೆಯಾ? ಇದ್ದರೆ ಒಂದು ಕೆಲಸ ಹೇಳುತ್ತೇನೆ. ಈಗಲೇ ಬೇಡ, ಭಾಷಣ ಮುಗಿಯಲಿ. ಆಮೇಲೆ ಕೈ ಚೆನ್ನಾಗಿ ತೊಳೆದುಕೊಂಡು ಮಗುವಿನ ಮೇಲ್ದುಟಿ ಎತ್ತಿ. ನಡುವೆ ಎರಡು ದೊಡ್ಡ ಹಲ್ಲು ಕಾಣುತ್ತವೆ. ಅವುಗಳ ಆಚೀಚೆ ಒಂದೊಂದು ಸಣ್ಣ ಹಲ್ಲು. ಅದರ ಪಕ್ಕದಲ್ಲಿ ಮೊನಚಾದ ಹಾಲುಹಲ್ಲು. ಆ ಮೊನಚು ಹಲ್ಲಿನ ಮೇಲುಗಡೆ ಒಸಡಿನ ಮೇಲೆ ತೋರುಬೆರಳಿಟ್ಟು ಮೆಲ್ಲಗೆ ಒತ್ತಿ. ಒಳಗೆ ಗಟ್ಟಿಯಾದ ಉಬ್ಬು ಸಿಗಬೇಕು. ಎಡಕ್ಕೂ ಸಿಗಬೇಕು, ಬಲಕ್ಕೂ ಸಿಗಬೇಕು. ಸಿಕ್ಕಿದರೆ ಕೋರೆಹಲ್ಲು ಸರಿದಾರಿಯಲ್ಲಿ ಬರುತ್ತಿದೆ ಅಂತ ಲೆಕ್ಕ. ಒಂದು ಕಡೆ ಸಿಕ್ಕಿ ಇನ್ನೊಂದು ಕಡೆ ಸಿಗಲಿಲ್ಲವೋ, ಹಲ್ಲಿನ ಡಾಕ್ಟರಿಗೆ ತೋರಿಸಿ.

ಇಷ್ಟು ಹೇಳಿ ಎದ್ದು ಹೋದರೂ ನನಗೆ ಸಮಾಧಾನವೇ. ಆದರೆ ರೇಡಿಯೋದವರು 15 ನಿಮಿಷ ಕೊಟ್ಟಿದ್ದಾರೆ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಾನು ಹಲ್ಲು ಸರಿಸುವ ಡಾಕ್ಟರು. ಜನ 'ಕ್ಲಿಪ್ ಹಾಕೋ ಡಾಕ್ಟ್ರು' ಅಂತಾರೆ, ಅದೇ. ನನ್ನ ಕುರ್ಚಿಯಲ್ಲಿ ಜಾಸ್ತಿ ದಿನ ಕೂರಬೇಕಾಗಿ ಬರುವವರು ಯಾರು ಗೊತ್ತಾ? ಹಲ್ಲು ಮುಂದೆ ಬಂದವರಲ್ಲ. ಕೋರೆಹಲ್ಲು ಒಳಗೇ ಸಿಕ್ಕಿಹಾಕಿಕೊಂಡವರು.

ಬುದ್ಧಿಹಲ್ಲನ್ನು ಬಿಟ್ಟರೆ ಹೀಗೆ ಹೆಚ್ಚಾಗಿ ಸಿಕ್ಕಿಕೊಳ್ಳುವುದು ಮೇಲ್ದವಡೆಯ ಕೋರೆಹಲ್ಲೇ. ನೂರು ಜನರಲ್ಲಿ ಒಬ್ಬಿಬ್ಬರಿಗೆ ಇರುತ್ತದೆ. ಗಂಡುಮಕ್ಕಳಿಗಿಂತ ಹೆಣ್ಣುಮಕ್ಕಳಲ್ಲಿ ಸುಮಾರು ಎರಡು ಪಟ್ಟು. ಈ ಹಲ್ಲು ಸಿಕ್ಕಿಕೊಳ್ಳಲು ಒಂದು ಕಾರಣ ದೂರದ ದಾರಿ. ಈ ಹಲ್ಲು ಹುಟ್ಟುವುದೇ ಮೇಲೆ, ಮೂಗಿನ ಪಕ್ಕದಲ್ಲಿ. ಅಲ್ಲಿಂದ ಇಳಿದು ಇಳಿದು 11 ಅಥವಾ 12ನೇ ವರ್ಷಕ್ಕೆ ಬಾಯಿಗೆ ಬರಬೇಕು. ಅಷ್ಟರಲ್ಲಿ ಅಕ್ಕಪಕ್ಕದ ಹಲ್ಲುಗಳು ಬಂದು ಜಾಗ ಹಿಡಿದು ಕೂತಿರುತ್ತವೆ. ಕೆಲವು ಸಲ ಇದು ದಾರಿ ತಪ್ಪಿ ಅಂಗುಳದ ಕಡೆ ತಿರುಗಿ ಮೂಳೆಯೊಳಗೆ ಓರೆಯಾಗಿ ಮಲಗಿಬಿಡುತ್ತದೆ.

ನೋವಿಲ್ಲ. ಊತವಿಲ್ಲ. ಹಾಲುಹಲ್ಲು ಬೀಳದೆ ಹಾಗೇ ನಿಂತಿರುತ್ತದೆ. ಅಪ್ಪ ಅಮ್ಮ 'ಬೀಳುತ್ತೆ ಬಿಡಿ, ಇವಳಿಗೆ ಎಲ್ಲಾ ಲೇಟು' ಅಂತ ಸುಮ್ಮನಿರುತ್ತಾರೆ. ಒಳಗೆ ಮಾತ್ರ ಆ ಕೋರೆಹಲ್ಲು ಪಕ್ಕದ ಹಲ್ಲಿನ ಬೇರಿಗೆ ಒತ್ತಿಕೊಂಡು ಬೇರನ್ನೇ ಕರಗಿಸುತ್ತಿರಬಹುದು. ನೋಡಲು ಚೆನ್ನಾಗಿರುವ ಮುಂದಿನ ಹಲ್ಲು ಅಲುಗಾಡಿದಾಗಲೇ ಗೊತ್ತಾಗುವುದು. ಆಗ ತಡವಾಗಿರುತ್ತದೆ.

ಹತ್ತನೇ ವರ್ಷ ಯಾಕೆ ಮುಖ್ಯ ಅಂತ ಕೇಳಿ. ಸ್ವೀಡನ್ನಿನ ಎರಿಕ್ಸನ್ ಮತ್ತು ಕುರೋಲ್ ಎಂಬ ಇಬ್ಬರು 1988ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 10ರಿಂದ 13 ವರ್ಷದ ಮಕ್ಕಳು. ಅಂಗುಳದ ಕಡೆ ಹೊರಟಿದ್ದ 46 ಕೋರೆಹಲ್ಲುಗಳು. ಅವರು ಮಾಡಿದ್ದು ಒಂದೇ ಕೆಲಸ, ಕೆಳಗಿದ್ದ ಹಾಲುಹಲ್ಲನ್ನು ಕಿತ್ತರು. ಕ್ಲಿಪ್ಪಿಲ್ಲ, ಆಪರೇಷನ್ ಇಲ್ಲ. 36 ಹಲ್ಲುಗಳು ತಾವಾಗಿಯೇ ದಾರಿಗೆ ಬಂದವು! ಐದು ನಿಮಿಷದ ಕೆಲಸ. ಇದೇ ಹಲ್ಲನ್ನು ಹದಿನಾರನೇ ವರ್ಷದಲ್ಲಿ ದಾರಿಗೆ ತರಲು ಎರಡು ವರ್ಷ ಬೇಕು. ಅದಕ್ಕೇ ಹೇಳುವುದು, ಹತ್ತನೇ ವರ್ಷಕ್ಕೆ ಒಮ್ಮೆ ಬೆರಳಿಟ್ಟು ನೋಡಿ.

ಆ ಎರಡು ವರ್ಷ ಹೇಗಿರುತ್ತದೆ ಅಂತ ತಿಳಿಯಬೇಕಾದರೆ ಅರಸೀಕೆರೆ ಕಡೆಯ ಒಬ್ಬ ಹುಡುಗಿಯ ವಿಷಯ ಹೇಳಬೇಕು.

ಮೊದಲ ಪಿಯುಸಿ ಓದುತ್ತಿದ್ದಳು. ಕರೆದುಕೊಂಡು ಬಂದವರು ಅವಳ ತಾತ. ತೆಂಗಿನ ತೋಟದವರು, ಮಾತು ಖಡಕ್ಕು. ಹುಡುಗಿಯ ಎಡಗಡೆ ಹಾಲುಹಲ್ಲು ಇನ್ನೂ ಗಟ್ಟಿಯಾಗಿ ಕೂತಿತ್ತು. ಎಕ್ಸ್‌ರೇ ತೆಗೆಸಿದೆ. ಕೋರೆಹಲ್ಲು ಅಂಗುಳದಲ್ಲಿ ಅಡ್ಡಡ್ಡ ಮಲಗಿತ್ತು. ನಾನು ಎಲ್ಲ ವಿವರಿಸಿ, ಹಾಲುಹಲ್ಲು ಕೀಳಬೇಕಾಗುತ್ತದೆ ಅಂದೆ. ತಾತ ಎದ್ದು ನಿಂತರು. 'ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತೆ ಡಾಕ್ಟ್ರೇ. ಹೆಣ್ಣುಮಗು. ಆಗಲ್ಲ.'

ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ, ದಯವಿಟ್ಟು ಬೇಜಾರು ಮಾಡಿಕೊಳ್ಳಬೇಡಿ. ಕಣ್ಣಿನ ದೃಷ್ಟಿಯ ನರವೇ ಬೇರೆ, ಹಲ್ಲಿನ ನರವೇ ಬೇರೆ. ನಮ್ಮ ಹಿರಿಯರು ಹಲ್ಲು ಕೀಳಿಸುತ್ತಿದ್ದದ್ದು ಐವತ್ತು ಅರವತ್ತನೇ ವಯಸ್ಸಿನಲ್ಲಿ. ಕಣ್ಣು ಮಂಜಾಗುವುದೂ ಅದೇ ವಯಸ್ಸಿನಲ್ಲಿ ಅಲ್ವಾ? ಎರಡೂ ಒಟ್ಟಿಗೆ ಬಂದವು, ಪಾಪ ಹಲ್ಲಿನ ಮೇಲೆ ಅಪವಾದ ಬಿತ್ತು. ತಾತನಿಗೂ ಇದನ್ನೇ ಹೇಳಿದೆ. ಪೂರ್ತಿ ನಂಬಲಿಲ್ಲ. ಆದರೆ ಮೊಮ್ಮಗಳು ಹಟ ಮಾಡಿದಳು, ಒಪ್ಪಿಕೊಂಡರು.

ಮೊದಲು ಹಲ್ಲುಗಳಿಗೆ ಬ್ರಾಕೆಟ್, ಅಂದರೆ ತಂತಿ ಹಿಡಿಯುವ ಸಣ್ಣ ಬಿಲ್ಲೆ, ಅಂಟಿಸಿ ತಂತಿ ಕಟ್ಟುತ್ತೇವೆ. ಒಳಗಿನ ಹಲ್ಲು ಇಳಿದು ಬಂದರೆ ಕೂರಲು ಜಾಗ ಬೇಕಲ್ಲ, ಅದನ್ನು ಮಾಡಿಕೊಳ್ಳುವುದು. ಇದಕ್ಕೇ ತಿಂಗಳುಗಟ್ಟಲೆ ಹಿಡಿಯುತ್ತದೆ. ಈ ತಂತಿಯ ವಿಚಾರ ಬಂದರೆ ನನಗೆ ಸುಮ್ಮನಿರಲು ಆಗುವುದಿಲ್ಲ. ನಿಕಲ್ ಮತ್ತು ಟೈಟಾನಿಯಂ ಬೆರೆಸಿದ ಲೋಹ, ನಿಟಿನಾಲ್ ಅಂತ ಹೆಸರು. ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ ವಿಲಿಯಂ ಬ್ಯೂಲರ್ ಅನ್ನುವವರು ಕ್ಷಿಪಣಿಗೆ ಅಂತ ಲೋಹ ಹುಡುಕುತ್ತಿದ್ದಾಗ ಸಿಕ್ಕಿದ್ದು. 1970ರ ದಶಕದಲ್ಲಿ ಐಯೋವಾದ ಜಾರ್ಜ್ ಆಂಡ್ರೀಸನ್ ಇದನ್ನು ಹಲ್ಲಿಗೆ ತಂದರು. ಬಗ್ಗಿಸಿ ಕಟ್ಟಿದರೆ ತನ್ನ ಹಳೇ ಆಕಾರಕ್ಕೇ ಮರಳಲು ನೋಡುತ್ತದೆ, ಹಾಗೆ ಮರಳುವಾಗ ಹಲ್ಲನ್ನೂ ಜೊತೆಗೆ ಕರೆದೊಯ್ಯುತ್ತದೆ. ಇದರಲ್ಲೇ ಒಂದು ಬಗೆ ಬಾಯಿಯ ಬಿಸಿಗೆ ಬಿಗಿಯಾಗುತ್ತದೆ, ತಣ್ಣೀರು ಕುಡಿದರೆ ಒಂದು ಗಳಿಗೆ ಸಡಿಲವಾಗುತ್ತದೆ. ಆ ಹುಡುಗಿ ಇದನ್ನು ತಾನೇ ಕಂಡುಕೊಂಡಿದ್ದಳು. 'ಬಿಸಿ ಕಾಫಿ ಕುಡಿದರೆ ಎಳೆಯುತ್ತೆ, ತಣ್ಣೀರಿಗೆ ಹಾಯೆನಿಸುತ್ತೆ' ಅಂದಳು. ಎಷ್ಟು ಖುಷಿಯಾಯಿತು ಅಂತೀರಿ!

ಜಾಗ ಆಯಿತು. ಆಪರೇಷನ್ ದಿನ ಬಂತು. ಹೆಸರು ಕೇಳಿ ಹೆದರಬೇಡಿ. ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಹಾಲುಹಲ್ಲು ತೆಗೆದು, ಅಂಗುಳದ ಒಸಡನ್ನು ಬಿಡಿಸಿ, ಮೂಳೆ ಸ್ವಲ್ಪ ಸರಿಸಿದರೆ ಒಳಗಿನ ಹಲ್ಲಿನ ತುದಿ ಕಾಣುತ್ತದೆ. ಅದಕ್ಕೊಂದು ಗುಂಡಿ ಅಂಟಿಸುತ್ತಾರೆ. ಗುಂಡಿಗೆ ಸಣ್ಣ ಸರಪಳಿ. ಒಸಡನ್ನು ಮತ್ತೆ ಹೊಲಿದು ಸರಪಳಿಯ ತುದಿ ಮಾತ್ರ ಹೊರಗೆ ಬಿಡುತ್ತಾರೆ. ಆ ಸರಪಳಿ ಚಿನ್ನದ್ದು. ಮನೆಯಲ್ಲಿ ಅಜ್ಜಿ ಕೇಳಿದ ಮೊದಲ ಪ್ರಶ್ನೆ, 'ಎಷ್ಟು ಗ್ರಾಂ?' ಎರಡನೆಯದು, 'ಕೊನೆಗೆ ವಾಪಸ್ ಕೊಡ್ತಾರಾ?'

ಎರಡು ಮೂರು ದಿನ ಅಂಗುಳ ಊದಿ ಮಾತು ತೊದಲಿತು. ಗಂಜಿ, ಮೊಸರನ್ನ, ಉಪ್ಪುನೀರು ಮುಕ್ಕಳಿಸುವುದು, ಹೊಲಿಗೆ ಬಿಚ್ಚುವ ತನಕ ಅಷ್ಟೇ. ಹಾಲುಹಲ್ಲಿನ ಜಾಗ ಖಾಲಿ ಕಾಣದ ಹಾಗೆ ತಂತಿಗೇ ಒಂದು ಸುಳ್ಳು ಹಲ್ಲು ಕಟ್ಟಿಕೊಟ್ಟೆವು. ಕಾಲೇಜಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಅವಳೇ ಬಾಯಿ ತೆರೆದು ಚಿನ್ನ ತೋರಿಸಿದಳಂತೆ, ಅದು ಬೇರೆ ಮಾತು.

ಆಮೇಲೆ ಶುರುವಾಯಿತು ಕಾಯುವ ಕೆಲಸ. ಸರಪಳಿಯನ್ನು ತಂತಿಗೆ ಕಟ್ಟಿ ಮೆಲ್ಲಗೆ ಎಳೆಯಬೇಕು. ಎರಡು ತಿಂಗಳಾದ ಮೇಲೆ ತಾತ ಬಂದರು. 'ಏನೂ ಕಾಣ್ತಿಲ್ಲ. ಸ್ವಲ್ಪ ಜೋರಾಗಿ ಎಳೀರಿ' ಅಂದರು. ನಾನು ಹೇಳಿದೆ, ಹಲ್ಲು ಸರಿಯುವುದು ಎಳೆತದಿಂದಲ್ಲ, ಮೂಳೆ ಕರಗಿ ಬೆಳೆಯುವುದರಿಂದ. ಹಲ್ಲು ಒತ್ತುವ ಕಡೆ ಮೂಳೆಯನ್ನು ಕೆಲವು ಜೀವಕೋಶಗಳು ತಿನ್ನುತ್ತವೆ. ಬಿಟ್ಟು ಬಂದ ಕಡೆ ಬೇರೆ ಜೀವಕೋಶಗಳು ಹೊಸ ಮೂಳೆ ಕಟ್ಟುತ್ತವೆ. ತಿಂಗಳಿಗೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್. ಜೋರಾಗಿ ಎಳೆದರೆ ಒತ್ತಡ ಬಿದ್ದ ಕಡೆ ರಕ್ತ ಓಡಾಡುವುದಿಲ್ಲ, ಕೆಲಸವೇ ನಿಂತುಹೋಗುತ್ತದೆ. ತಾತ ಕೇಳಿಸಿಕೊಂಡರು. 'ಕರು ಇದ್ದಂಗೆ ಅನ್ನಿ. ಹಗ್ಗ ಜಗ್ಗಿದರೆ ನಾಲ್ಕೂ ಕಾಲು ಊರಿ ನಿಲ್ಲುತ್ತೆ. ಸುಮ್ನೆ ಹಿಡ್ಕೊಂಡು ನಡೆದರೆ ಹಿಂದೆ ಬರುತ್ತೆ' ಅಂದರು. ನನ್ನ ಓದೆಲ್ಲ ಆ ಮಾತಿನಲ್ಲಿತ್ತು. ಈಗ ಎಲ್ಲ ಪೇಷಂಟುಗಳಿಗೂ ಅದನ್ನೇ ಹೇಳುತ್ತೇನೆ.

ನಡುವೆ ತೊಂದರೆ ಬರಲಿಲ್ಲ ಅಂತಲ್ಲ. ಅರಸೀಕೆರೆ, ತಿಪಟೂರು ಅಂದರೆ ಕೊಬ್ಬರಿಯ ಸೀಮೆ. ಬೇಡ ಅಂತ ಎಷ್ಟು ಹೇಳಿದರೂ ಹುಡುಗಿ ಕೊಬ್ಬರಿ ಬೆಲ್ಲ ಕಚ್ಚಿ ಬ್ರಾಕೆಟ್ ಕಿತ್ತುಕೊಂಡು ಬಂದಳು. ಗೌರಿ ಗಣೇಶ ಹಬ್ಬದಲ್ಲಿ ಚಕ್ಕುಲಿಗೆ ಇನ್ನೊಂದು ಹೋಯಿತು. ಒಂದೊಂದು ಬ್ರಾಕೆಟ್ ಕಿತ್ತಾಗಲೂ ಚಿಕಿತ್ಸೆ ಹಿಂದೆ ಬೀಳುತ್ತದೆ. ಗದರಿದೆ. ತಾತ ಇನ್ನೂ ಜೋರಾಗಿ ಗದರಿದರು.

ಒಂದು ದಿನ ಬೆಳಿಗ್ಗೆ ಫೋನ್ ಬಂತು. 'ಡಾಕ್ಟ್ರೇ, ನಾಲಿಗೆಗೆ ಏನೋ ಚುಚ್ಚುತ್ತಿದೆ!' ಅಂಗುಳ ಸೀಳಿಕೊಂಡು ಕೋರೆಹಲ್ಲಿನ ತುದಿ ಹೊರಬಂದಿತ್ತು. ಮುಗಿಯಿತು ಅಂದುಕೊಂಡರು. ಇಲ್ಲ, ಅದನ್ನು ಒಳಗಿನಿಂದ ಹೊರಸಾಲಿಗೆ ದಾಟಿಸಬೇಕು. ದಾಟುವಾಗ ಕೆಳಗಿನ ಹಲ್ಲು ಅಡ್ಡ ಬರುತ್ತದೆ. ಅದಕ್ಕೆ ದವಡೆಹಲ್ಲುಗಳ ಮೇಲೆ ಸಿಮೆಂಟು ಹಚ್ಚಿ ಬಾಯಿ ಪೂರ್ತಿ ಮುಚ್ಚದ ಹಾಗೆ ಮಾಡುತ್ತೇವೆ. ಆ ಕೆಲವು ವಾರಗಳು ಕಷ್ಟ. ಅಗಿಯಲು ಆಗುವುದಿಲ್ಲ. ಹುಡುಗಿ ಅತ್ತುಬಿಟ್ಟಳು. ಮುದ್ದೆ ತಿನ್ನಮ್ಮ ಅಂದೆ. ಅಗಿಯುವ ಗೋಜಿಲ್ಲ, ಸಾರಿನಲ್ಲಿ ಅದ್ದಿ ನುಂಗುವುದು. ಕ್ಲಿಪ್ ಹಾಕಿಸಿಕೊಂಡವರಿಗೆ ರಾಗಿಮುದ್ದೆಯಂಥ ಊಟ ಇನ್ನೊಂದಿಲ್ಲ. ಬೆಂಗಳೂರಿನ ಪೇಷಂಟುಗಳಿಗೆ ಹೇಳಿದರೆ ನಗುತ್ತಾರೆ. ನಗಲಿ.

ಡಿಗ್ರಿ ಮೊದಲ ವರ್ಷಕ್ಕೆ ಸೇರುವ ಹೊತ್ತಿಗೆ ಹಲ್ಲು ಜಾಗದಲ್ಲಿ ಕೂತಿತು. ಕ್ಲಿಪ್ ಬಿಚ್ಚುವ ದಿನ ತಾತನ ಜೊತೆ ಇನ್ನೊಂದು ಮಗು ಬಂದಿತ್ತು. ಹುಡುಗಿಯ ತಮ್ಮ, ಹತ್ತು ವರ್ಷ. ತಾತ ಅವನ ಬಾಯಿ ಅಗಲಿಸಿ, 'ಇವನದು ಬಲಗಡೆ ಕೈಗೆ ಸಿಗ್ತಿಲ್ಲ, ನೋಡಿ' ಅಂದರು. ನನ್ನಿಂದ ಕೇಳಿಕೊಂಡು ಹೋಗಿ ಮನೆಯ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ಪರೀಕ್ಷೆ ಮಾಡಿದ್ದರು! ಎಕ್ಸ್‌ರೇಯಲ್ಲಿ ನೋಡಿದರೆ ನಿಜ, ಹಲ್ಲು ದಾರಿ ತಪ್ಪುತ್ತಿತ್ತು. ಇದು ಮನೆತನದಲ್ಲಿ ಬರುವುದುಂಟು. ಅಕ್ಕನಿಗಿದ್ದರೆ ತಮ್ಮನನ್ನೂ ನೋಡಬೇಕು. ಹಾಲುಹಲ್ಲು ಕಿತ್ತು ಕಳಿಸಿದೆ. ಈ ಸಲ ಕಣ್ಣಿನ ಮಾತೇ ಬರಲಿಲ್ಲ. ಮರುವರ್ಷ ಕೋರೆಹಲ್ಲು ತಾನಾಗಿಯೇ ಇಳಿದು ಬಂತು. 'ಇವನಿಗೆ ಇಷ್ಟೇನಾ? ಸರಪಳಿ ಇಲ್ವಾ?' ಅಂತ ಅಜ್ಜಿಗೆ ನಿರಾಸೆ.

ಅಕ್ಕನಿಗೆ ಎರಡು ವರ್ಷಕ್ಕೂ ಜಾಸ್ತಿ. ತಮ್ಮನಿಗೆ ಒಂದು ಹಾಲುಹಲ್ಲು. ನಡುವೆ ಇರುವ ವ್ಯತ್ಯಾಸ ವಯಸ್ಸು ಮಾತ್ರ. ಹತ್ತನೇ ವರ್ಷ, ನೆನಪಿರಲಿ.

ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ, ಸಮಯ ಆಗುತ್ತಾ ಬಂತಂತೆ. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ಈಗ ಕ್ಲಿಪ್ ಹಾಕಿಸಿಕೊಂಡಿರುವವರು ಕೇಳಿ. ತಂತಿ ಬಿಗಿ ಮಾಡಿದ ಮೊದಲೆರಡು ದಿನ ನೋವಿರುತ್ತದೆ. ಅದು ಸಹಜ. ಕೆನ್ನೆಗೆ ತಂತಿ ಚುಚ್ಚಿದರೆ ಡಾಕ್ಟರು ಕೊಟ್ಟ ಮೇಣ ಉರುಳಿಸಿ ಅಲ್ಲಿ ಒತ್ತಿ. ಉಗುರು ಕತ್ತರಿಸುವ ಕಟರ್ ತಗೊಂಡು ತಂತಿ ಕತ್ತರಿಸಬೇಡಿ, ಕೈ ಮುಗಿಯುತ್ತೇನೆ. ಸೀಬೆಕಾಯಿ, ಸೇಬು ಹೋಳು ಮಾಡಿ ತಿನ್ನಿ. ಬ್ರಾಕೆಟ್ಟಿಗೆ ಹಾಕುವ ಬಿಳಿ ರಬ್ಬರ್ ಉಂಗುರಗಳು ಅರಿಶಿನಕ್ಕೆ ಹಳದಿಯಾಗುತ್ತವೆ. ನಮ್ಮ ಸಾರು, ಪಲ್ಯ ಬಿಡಲು ಆಗುತ್ತದೆಯೇ? ಬೂದು ಬಣ್ಣದ್ದು ಹಾಕಿಸಿಕೊಳ್ಳಿ. ಪ್ರತಿ ಊಟದ ನಂತರ ಬ್ರಷ್ ಮಾಡಿ, ಇಲ್ಲದಿದ್ದರೆ ಬ್ರಾಕೆಟ್ ಸುತ್ತ ಬಿಳಿ ಕಲೆ ಉಳಿದುಬಿಡುತ್ತದೆ.

ಮದುವೆ ಫೋಟೋಗೆ ಅಂತ ನಡುವೆ ಕ್ಲಿಪ್ ಬಿಚ್ಚಿಸಲು ಬರುವವರಿದ್ದಾರೆ. ಅವರ ಜೊತೆ ವಾದ ಮಾಡಿ ಮಾಡಿ ನನ್ನ ಗಂಟಲು ಹೋಗಿದೆ. ಆ ವಿಷಯ ಇವತ್ತು ಬೇಡ.

ಖರ್ಚು ಅಂತ ಹಿಂಜರಿಯುವವರು ಡೆಂಟಲ್ ಕಾಲೇಜುಗಳಲ್ಲಿ ವಿಚಾರಿಸಿ. ಬೆಂಗಳೂರಿನಲ್ಲಿ ಸರ್ಕಾರಿ ದಂತ ಕಾಲೇಜಿದೆ. ದೊಡ್ಡವರಿಗೂ ಈ ಚಿಕಿತ್ಸೆ ಮಾಡಬಹುದು, ಆದರೆ ವಯಸ್ಸಾದಷ್ಟೂ ಹಲ್ಲು ಮೂಳೆಗೆ ಅಂಟಿಕೊಂಡಿರುವ ಸಾಧ್ಯತೆ ಜಾಸ್ತಿ. ಹಾಗೆ ಅಂಟಿದ್ದರೆ ಎಳೆದರೂ ಬರುವುದಿಲ್ಲ.

ಕೊನೆಗೆ ರಿಟೇನರ್. ಕ್ಲಿಪ್ ಬಿಚ್ಚಿದ ಮೇಲೆ ಹಲ್ಲು ಹಿಂದಕ್ಕೆ ಓಡದ ಹಾಗೆ ಹಿಡಿಯುವ ಸಾಧನ. ಡಾಕ್ಟರು ಹೇಳಿದಷ್ಟು ದಿನ ಹಾಕಲೇಬೇಕು. ಇದು ಜಾಸ್ತಿ ಕಳೆದುಹೋಗುವುದು ಮದುವೆಮನೆ ಊಟದಲ್ಲಿ. ಬಿಚ್ಚಿ ಕಾಗದದಲ್ಲಿ ಸುತ್ತಿ ಎಲೆ ಪಕ್ಕ ಇಡುತ್ತಾರೆ, ಎಲೆಯ ಜೊತೆ ಅದೂ ಹೋಗುತ್ತದೆ. ಡಬ್ಬಿಯಲ್ಲೇ ಇಡಿ. ಕಳೆದರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ, ಮುಂದಿನ ತಿಂಗಳು ಅನ್ನಬೇಡಿ. ನಮಸ್ಕಾರ.