ಕಡ್ಡಿ ಗೀರಿದವನಿಗೆ 5,000 ದಂಡ, ಗೀರು ಅಂದವರಿಗೆ?

ನಮಸ್ಕಾರ. ಇವತ್ತು ಬೆಳಿಗ್ಗೆ ಆರೂವರೆಗೇ ಮನೆ ತುಂಬಾ ಹೊಗೆ. ಒಲೆ ಮೇಲೆ ಏನೋ ಸೀದಿದೆ ಅಂತ ಅಡುಗೆಮನೆಗೆ ಓಡಿದೆ. ಅಲ್ಲೇನೂ ಇಲ್ಲ. ಕಿಟಕಿಯಿಂದ ನೋಡಿದರೆ ಪಕ್ಕದ ಖಾಲಿ ಸೈಟಿನಲ್ಲಿ ಒಣಗಿದ ಕಳೆ, ಹೊಂಗೆ ಎಲೆ, ತೆಂಗಿನ ಗರಿ ಎಲ್ಲಾ ಗುಡ್ಡೆ ಹಾಕಿ ವಾಚ್‌ಮನ್ ಬೆಂಕಿ ಇಟ್ಟಿದ್ದಾರೆ. ಕೆಳಗಿಳಿದು ಹೋಗಿ ಕೇಳಿದೆ. "ಓನರ್ ಹೇಳಿದ್ರು ಸಾರ್, ಹಾವು ಬರ್ತವಂತೆ" ಅಂದರು.

ಓನರ್ ನಂಬರ್ ತಗೊಂಡು ಫೋನ್ ಮಾಡಿದೆ. ಅವರ ಉತ್ತರ ಕೇಳಿ: "ನನ್ನ ಸೈಟು, ನನ್ನ ಕಸ. ರಸ್ತೇಲಿ ಸುಟ್ಟಿಲ್ಲವಲ್ಲ?"

ನಿಜ ಹೇಳಬೇಕು ಅಂದರೆ ಅವರ ಮಾತನ್ನು ಸುಮ್ನೆ ತಳ್ಳಿಹಾಕೋಕೆ ಆಗಲ್ಲ. 2026ರ ಮಾರ್ಚ್‌ವರೆಗೆ ಜಾರಿಯಲ್ಲಿದ್ದ 2016ರ ಘನತ್ಯಾಜ್ಯ ನಿರ್ವಹಣಾ ನಿಯಮದ 4ನೇ ಅಂಶ ಓದಿ. ಕಸವನ್ನು ರಸ್ತೆಯಲ್ಲಿ, ನಿಮ್ಮ ಜಾಗದ ಹೊರಗಿನ ಸಾರ್ವಜನಿಕ ಸ್ಥಳದಲ್ಲಿ, ಚರಂಡಿಯಲ್ಲಿ, ಕೆರೆಯಲ್ಲಿ ಎಸೆಯಬಾರದು, ಸುಡಬಾರದು, ಹೂಳಬಾರದು ಅಂತ ಬರೆದಿತ್ತು. ಕಾಂಪೌಂಡ್ ಒಳಗೆ ಸುಡಬಾರದು ಅಂತ ಆ ಸಾಲಿನಲ್ಲಿ ನೇರವಾಗಿ ಇರಲಿಲ್ಲ. ಆದರೆ ಅದೇ ಅಂಶದಲ್ಲಿ ಇನ್ನೊಂದು ಮಾತಿತ್ತು. ತೋಟದ ಕಸವನ್ನು ನಿಮ್ಮ ಜಾಗದಲ್ಲೇ ಬೇರೆಯಾಗಿ ಇಟ್ಟುಕೊಂಡು, ಪಾಲಿಕೆ ಹೇಳಿದ ರೀತಿಯಲ್ಲಿ ವಿಲೇವಾರಿ ಮಾಡಬೇಕು ಅಂತ. ಇದನ್ನು ಮಾತ್ರ ಯಾರೂ ಓದಲಿಲ್ಲ!

ಆಮೇಲೆ 2016ರ ಡಿಸೆಂಬರ್ 22ರಂದು, ಪರಿಸರದ ಕೇಸು ನೋಡುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಒಂದು ಆದೇಶ ಕೊಟ್ಟಿತು. ಆ ಕೇಸು ಹಾಕಿದವರು ನಮ್ಮ ಬೆಂಗಳೂರಿನವರೇ ಆದ ಅಲ್ಮಿತ್ರಾ ಪಟೇಲ್. 1996ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಶುರುವಾದ ಕೇಸು, ಆಮೇಲೆ ಈ ನ್ಯಾಯಮಂಡಳಿಗೆ ಬಂದು, ಒಟ್ಟು ಇಪ್ಪತ್ತು ವರ್ಷ ನಡೆಯಿತು. ಯಾವುದೇ ಜಾಗದಲ್ಲಿ ಬಯಲಲ್ಲಿ ಕಸ ಸುಡುವುದನ್ನು ದೇಶದಲ್ಲೆಲ್ಲಾ ನಿಷೇಧಿಸಿದ ಆದೇಶ ಇದು. ಸಾಮಾನ್ಯವಾಗಿ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000. ಹಾಗಾಗಿ ನನ್ನ ಸೈಟು ಅನ್ನುವ ವಾದ ಅಲ್ಲಿಗೆ ಮುಗಿಯಿತು.

ಈಗ ನನ್ನ ತಕರಾರಿಗೆ ಬರುತ್ತೇನೆ. ಯಾರೋ ದೂರು ಕೊಟ್ಟು ಅಧಿಕಾರಿ ಬಂದರು ಅಂತಿಟ್ಟುಕೊಳ್ಳಿ. ಬೆಂಕಿ ಹತ್ತಿರ ಸಿಗೋದು ಯಾರು? ಕೈಯಲ್ಲಿ ಕೋಲು ಹಿಡಿದ ವಾಚ್‌ಮನ್, ಇಲ್ಲಾಂದ್ರೆ ತೋಟದ ಕೆಲಸದವರು, ಅದೂ ಇಲ್ಲಾಂದ್ರೆ ಗುಡಿಸಿ ಗುಡಿಸಿ ಸಾಕಾಗಿ, ತುಂಬಿಕೊಂಡು ಹೋಗೋಕೆ ಗಾಡಿ ಬಾರದೆ ಕಡ್ಡಿ ಗೀರಿದ ಪೌರಕಾರ್ಮಿಕರು. ಬೈಸಿಕೊಳ್ಳೋರೂ ಅವರೇ, ಫೋಟೊದಲ್ಲಿ ಬರೋರೂ ಅವರೇ. ಸುಡು ಅಂತ ಫೋನಿನಲ್ಲಿ ಹೇಳಿ, ಹತ್ತು ಕಿಲೋಮೀಟರ್ ದೂರದ ಫ್ಲ್ಯಾಟಿನಲ್ಲಿ ಕಾಫಿ ಕುಡಿಯುತ್ತಾ ಕೂತವರ ಮೂಗಿಗೆ ಹೊಗೆಯೂ ಹೋಗಲ್ಲ, ಅವರ ಜೇಬಿಗೆ ಕತ್ತರಿಯೂ ಬೀಳಲ್ಲ. ದಂಡದ ರಸೀದಿ ಹರಿಯಬೇಕಾದ್ದು ಸೈಟಿನ ಖಾತೆ ಯಾರ ಹೆಸರಲ್ಲಿದೆಯೋ ಅವರಿಗೆ. ಆಸ್ತಿ ತೆರಿಗೆ ಜೊತೆಗೇ ಸೇರಿಸಿ ವಸೂಲು ಮಾಡಿ, ಆಮೇಲೆ ನೋಡಿ.

ಎಲೆ ತಾನೇ, ಪ್ಲಾಸ್ಟಿಕ್ಕಾ ಅಂತ ಕೇಳೋರಿದ್ದಾರೆ. ಬೆಳಗಿನ ಇಬ್ಬನಿಗೆ ಎಲೆ ಒದ್ದೆಯಾಗಿರುತ್ತದೆ. ಭಗ್ಗನೆ ಉರಿಯಲ್ಲ, ಗಂಟೆಗಟ್ಟಲೆ ಹೊಗೆಯಾಡುತ್ತದೆ. ಹಾಗೆ ಅರೆಬರೆ ಉರಿದಾಗಲೇ ಕಾರ್ಬನ್ ಮಾನಾಕ್ಸೈಡು, ಪಿಎಂ 2.5 ಅನ್ನುವ ಸಣ್ಣ ಕಣ ಎಲ್ಲಾ ಜಾಸ್ತಿ. ಚಳಿಯ ದಿನಗಳಲ್ಲಿ ಬೆಳಿಗ್ಗೆ ನೆಲದ ಹತ್ತಿರದ ಗಾಳಿ ತಣ್ಣಗೆ, ಮೇಲಿನದು ಬೆಚ್ಚಗೆ. ಹೊಗೆ ಮೇಲೇರದೆ ಮೊದಲ ಮಹಡಿ ಕಿಟಕಿಗೇ ಬಂದು ಕೂರುತ್ತದೆ. ಇನ್ನು ಆ ಗುಡ್ಡೆಯೊಳಗೆ ಹಾಲಿನ ಕವರ್ ಇರಲ್ಲ ಅಂತ ಯಾರಾದರೂ ಆಣೆ ಮಾಡಲಿ ನೋಡೋಣ.

ಶಿರಸಿ, ಸಾಗರದ ಕಡೆಯವರು ಇದನ್ನು ನೋಡಿದರೆ ನಗುತ್ತಾರೆ. ಅಲ್ಲಿ ಬೇಸಿಗೆಯಲ್ಲಿ ದರಕು, ಅಂದರೆ ಒಣಗಿ ಉದುರಿದ ಎಲೆ, ಗುಡಿಸಿ ತಂದು ಕೊಟ್ಟಿಗೆಗೆ ಹಾಸುತ್ತಾರೆ, ಅದೇ ಆಮೇಲೆ ಅಡಿಕೆ ತೋಟಕ್ಕೆ ಗೊಬ್ಬರ. ಕರಾವಳಿಯಲ್ಲಿ ಸುಡುಮಣ್ಣು ಮಾಡ್ತಾರಲ್ಲ, ಅದು ಸುಡೋದಲ್ವಾ ಅಂತ ಕಾಮೆಂಟ್ ಬರುತ್ತದೆ, ಗೊತ್ತು. ಅಲ್ಲಿ ಮಣ್ಣು ಸೇರಿಸಿ ನಿಧಾನಕ್ಕೆ ಸುಟ್ಟು ಗಿಡದ ಬುಡಕ್ಕೆ ಹಾಕುತ್ತಾರೆ. ಆದರೂ ಮೂವತ್ತು ನಲವತ್ತರ ಸೈಟುಗಳ ನಡುವೆ ಅದನ್ನು ಮಾಡುತ್ತೇನೆ ಅಂದರೆ ನಾನು ಒಪ್ಪಲ್ಲ.

ಪಾಲಿಕೆಯವರಿಗೂ ಒಂದು ಮಾತು. ಶಿವರಾತ್ರಿಯಿಂದ ಯುಗಾದಿವರೆಗೆ ಬೀದಿ ಬೀದಿಯಲ್ಲಿ ಎಲೆ ಉದುರುತ್ತದೆ. ಇದು ಪ್ರತಿ ವರ್ಷದ ಕಥೆ. ಆ ತಿಂಗಳುಗಳಲ್ಲಿ ವಾರಕ್ಕೊಂದು ದಿನ ಎಲೆಗೇ ಅಂತ ಒಂದು ಗಾಡಿ ಕಳಿಸಿ. ನಾನು ಕೇಳಿದಾಗ ಹಸಿ ಕಸದ ಗಾಡಿಯವರು ಎಲೆ ತಗೊಳಲ್ಲ ಅಂದರು, ಒಣ ಕಸದವರೂ ತಗೊಳಲ್ಲ ಅಂದರು. ಹಾಗಿದ್ದಾಗ ಸುಡಬೇಡಿ ಅಂತ ಬೋರ್ಡು ಹಾಕಿದರೆ ಜನ ರಾತ್ರಿ ಹೊತ್ತು ಸುಡುತ್ತಾರೆ, ಅಷ್ಟೇ.

ಹಾವಿನ ಭಯ ಸುಳ್ಳಲ್ಲ. ಆದರೆ ಅದಕ್ಕೆ ಕಳೆ ಕತ್ತರಿಸಿ ಸೈಟು ಚೊಕ್ಕಟವಾಗಿ ಇಟ್ಟರೆ ಆಯ್ತು, ಕತ್ತರಿಸಿದ್ದನ್ನು ಸುಡಲೇಬೇಕು ಅಂತಿಲ್ಲ. ವಾಚ್‌ಮನ್ ಮತ್ತು ನಾನು ಸೇರಿ ಸೈಟಿನ ಮೂಲೆಯಲ್ಲಿ ತಂತಿ ಜಾಲರಿ ಸುತ್ತಿ ಒಂದು ಪಂಜರ ನಿಲ್ಲಿಸಿದ್ದೇವೆ. ಉಳಿದ ಎಲೆ ತುಂಬಿ, ಸಗಣಿ ನೀರು, ಸ್ವಲ್ಪ ಹುಳಿ ಮಜ್ಜಿಗೆ ಚಿಮುಕಿಸಿದ್ದೇವೆ. ಒದ್ದೆ ಆರದ ಹಾಗೆ ನೋಡಿಕೊಂಡರೆ ಮಳೆಗಾಲದ ಹೊತ್ತಿಗೆ ಗೊಬ್ಬರ ಆಗಬೇಕು. ತೆಂಗಿನ ಗರಿ ಮಾತ್ರ ಬೇಗ ಕೊಳೆಯಲ್ಲ, ಅದಕ್ಕೆ ಏನು ಮಾಡೋದು ಅಂತ ನಿಮಗೆ ಗೊತ್ತಿದ್ದರೆ ಹೇಳಿ. ಓನರ್‌ಗೂ ಫೋನ್ ಮಾಡಿ ಹೇಳಿದ್ದೇನೆ. ಎರಡು ನಿಮಿಷ ಸುಮ್ಮನಿದ್ದು, "ಗೊಬ್ಬರ ಆದ ಮೇಲೆ ನನಗೂ ನಾಲ್ಕು ಚೀಲ ಬೇಕು, ಸೈಟು ನನ್ನದು ತಾನೇ?" ಅಂದರು.