ಅಳಿಯಂದ್ರ ಬಿಯರು, ನನ್ನ ಅಳತೆ

ನಮಸ್ಕಾರ. ಡ್ರೈ ಅಂದ ತಕ್ಷಣ ನಮ್ಮ ತುಮಕೂರಲ್ಲಿ ಜನಕ್ಕೆ ನೆನಪಾಗೋದು ಡ್ರೈ ಡೇ, ಎಲೆಕ್ಷನ್ನಿಗೋ ಗಾಂಧಿ ಜಯಂತಿಗೋ ಬಾರಿನ ಷಟರ್ ಎಳೆದಿರೋ ದಿನ. ನಾನಿವತ್ತು ಹೇಳೋಕೆ ಬಂದಿರೋ ಡ್ರೈ ಬೇರೆ. ಬಿಯರಲ್ಲಿ ಸಿಹಿ ಒಂಚೂರೂ ಉಳೀದೆ ನಾಲಗೆ ಮೇಲೆ ಚೊಕ್ಕವಾಗಿ ಜಾರಿಹೋದ್ರೆ ಅದನ್ನ ಡ್ರೈ ಅಂತಾರಂತೆ, ಹಂಗೆ ಮಾಡೋಕೆ ಹಾಕೋ ಪುಡಿಗೆ ಡ್ರೈ ಎನ್ಜೈಮ್ ಅಂತ ಹೆಸರು. ಮೊದ್ಲೇ ಹೇಳ್ಬಿಡ್ತೀನಿ, ನಾನು ಕುಡಿಯೋನಲ್ಲ, ಮೂವತ್ತು ವರ್ಷ ಪಿಯು ಕಾಲೇಜಲ್ಲಿ ಕೆಮಿಸ್ಟ್ರಿ ಪಾಠ ಮಾಡಿ ರಿಟೈರ್ ಆದೋನು, ಇದ್ರಲ್ಲಿ ನನ್ನ ಪಾಲು ಬರೀ ಅಳತೆ. ಇನ್ನೊಂದು, ನಮ್ಮ ರಾಜ್ಯದಲ್ಲಿ ಲೈಸೆನ್ಸ್ ಇಲ್ದೆ ಮನೇಲಿ ಬಿಯರ್ ಮಾಡೋ ಹಂಗಿಲ್ಲ, 1965ರ ಅಬಕಾರಿ ಕಾಯ್ದೆ ಇದೆ, ಅದಕ್ಕೇ ನಾಳೆ ಬೆಳಗ್ಗೆ ಎದ್ದು ಬಕೆಟ್ ಹುಡುಕ್ಬೇಡಿ. ಇದು ನಡೆದಿದ್ದು ಆಸ್ಟ್ರೇಲಿಯಾದ ಮೆಲ್ಬರ್ನಲ್ಲಿ, ಮಗಳ ಮನೇಲಿ. ಅಲ್ಲಿ ಸ್ವಂತಕ್ಕೆ ಅಂತ ಮಾಡ್ಕೋಬಹುದು, ಮಾರೋ ಹಂಗಿಲ್ಲ.

ಹೋಗಿದ್ದು ಜೂನಲ್ಲಿ, ಅಲ್ಲಿಗದು ಚಳಿಗಾಲ. ಗ್ಯಾರೇಜಲ್ಲಿ ಕಾರಿನ ಪಕ್ಕ ನಲ್ಲಿ ಇರೋ ದೊಡ್ಡ ಪ್ಲಾಸ್ಟಿಕ್ ಡ್ರಮ್ಮೊಂದು ಬೆಡ್‌ಶೀಟ್ ಹೊದ್ಕೊಂಡು ಕೂತಿತ್ತು. ಇದೇನ್ರಿ ಅಂದ್ರೆ ಅಳಿಯಂದ್ರು ಮುಖ ಕೆಂಪು ಮಾಡ್ಕೊಂಡು "ಏನಿಲ್ಲ ಮಾವ, ಸುಮ್ನೆ" ಅಂದ್ರು. ಮಗಳು ಒಳಗಿಂದ್ಲೇ "ಅಪ್ಪ, ಅದು ಅವರ ಎರಡನೇ ಹೆಂಡ್ತಿ" ಅಂದ್ಲು. ನಾನು ಮುಚ್ಚಳದ ಮೇಲಿನ ಗುಳ್ಳೆ ನೋಡ್ತಾ ಕೂತ್ಬಿಟ್ಟೆ. ಮಾವ ಬೈಯೋ ತರ ಕಾಣಲ್ಲ ಅಂತ ಗೊತ್ತಾದ್ಮೇಲೆ ಅವರೂ ಬಾಯಿಬಿಟ್ರು.

ಅವರು ಮಾಡೋದು ಡಬ್ಬಿ ಬಿಯರು. ಬಾರ್ಲಿ ಮಾಲ್ಟಿನ, ಅಂದ್ರೆ ಮೊಳಕೆ ಕಟ್ಟಿ ಒಣಗಿಸಿದ ಬಾರ್ಲಿಯ ಪಾಕ 1.7 ಕೆಜಿ ಡಬ್ಬಿ, ಅದಕ್ಕೆ 1 ಕೆಜಿ ಸಕ್ಕರೆ, 23 ಲೀಟರ್ ಆಗೋವರೆಗೆ ನೀರು, ಮೇಲೆ ಯೀಸ್ಟ್. ಅವರಿಗೆ ಸ್ವಲ್ಪ ಹೊಟ್ಟೆ ಬಂದಿದೆ, ಅದಕ್ಕೆ ಲೈಟ್ ಬಿಯರ್ ಮಾಡ್ಬೇಕು ಅಂತ ಅಂಗಡೀಲಿ ಒಂದು ಪುಟ್ಟ ಪೊಟ್ಟಣ ತಂದಿದ್ರು, ನಾಲ್ಕೈದು ಗ್ರಾಂ ಇರ್ಬೇಕು, ಅದೇ ಡ್ರೈ ಎನ್ಜೈಮು. "ಇದು ಸಕ್ಕರೆ ಎಲ್ಲಾ ತಿಂದುಬಿಡುತ್ತೆ ಮಾವ, ಕ್ಯಾಲರೀನೇ ಇರಲ್ಲ" ಅಂದ್ರು. ನನ್ನೊಳಗಿನ ಮೇಷ್ಟ್ರು ಎದ್ದು ಕೂತಿದ್ದು ಆವಾಗ್ಲೇ.

ಪಿಷ್ಟ ಅನ್ನೋದು ಸಕ್ಕರೆ ಮಣಿಗಳ ಸರ, ಆದ್ರೆ ಬಹುಪಾಲು ನೆಟ್ಟಗಿರೋ ಸರ ಅಲ್ಲ, ಹುಣಸೆ ಮರದ ತರ ಟಿಸಿಲು ಟಿಸಿಲಾಗಿ ಹರಡಿರುತ್ತೆ. ಕಾಳು ಮೊಳಕೆ ಬಂದಾಗ ಅದ್ರಲ್ಲಿ ಹುಟ್ಟೋ ಕಿಣ್ವ, ಅಂದ್ರೆ ಎನ್ಜೈಮು, ಈ ಮರಾನ ಕಡಿಯುತ್ತೆ. ನಮ್ಮನೇಲಿ ಮಗೂಗೆ ರಾಗಿ ಸರಿ ಮಾಡೋರಿಗೆ ಇದು ಗೊತ್ತೇ ಇದೆ, ಬರೀ ರಾಗಿ ಹಿಟ್ಟಾದ್ರೆ ಗಂಜಿ ಬೇಗ ಗಟ್ಟಿ ಆಗುತ್ತೆ, ಮೊಳಕೆ ಕಟ್ಟಿ ಒಣಗಿಸಿ ಬೀಸಿದ ಹಿಟ್ಟಾದ್ರೆ ಅಷ್ಟೇ ಹಿಟ್ಟು ಹಾಕಿದ್ರೂ ತೆಳ್ಳಗೆ ಇರುತ್ತೆ. ನಮ್ಮ ಎಂಜಲಲ್ಲೂ ಇದೇ ಜಾತಿ ಕಿಣ್ವ ಇದೆ, ಅವಲಕ್ಕಿ ಜಾಸ್ತಿ ಹೊತ್ತು ಅಗಿದ್ರೆ ಸಿಹಿ ಆಗೋದು ಅದಕ್ಕೇ, ಮುದ್ದೆ ನುಂಗೋ ನಮಗೆ ಪಾಪ ಅದು ಕೆಲಸಕ್ಕೇ ಬರಲ್ಲ. 1833ರಲ್ಲಿ ಪಾಯೆನ್, ಪರ್ಸೋ ಅಂತ ಇಬ್ರು ಫ್ರೆಂಚ್ ವಿಜ್ಞಾನಿಗಳು ಮಾಲ್ಟಿಂದ ಇದನ್ನ ಬೇರೆ ಮಾಡಿ ಡಯಾಸ್ಟೇಸ್ ಅಂತ ಹೆಸರಿಟ್ರು.

ಮಾಲ್ಟಿನ ಕಿಣ್ವಕ್ಕೆ ಒಂದು ಸೋಮಾರಿತನ ಇದೆ. ನೆಟ್ಟಗಿರೋ ಕೊಂಬೆ ಕಡಿಯುತ್ತೆ, ಕವಲು ಬಂತೋ ಅಲ್ಲಿ ನಿಲ್ಲಿಸುತ್ತೆ. ಹಂಗೆ ಉಳಿದ ತುಂಡುಗಳಿಗೆ ಡೆಕ್ಸ್ಟ್ರಿನ್ ಅಂತಾರೆ, ಅದನ್ನ ಯೀಸ್ಟ್ ಮುಟ್ಟಲ್ಲ, ಬಿಯರ್ ಬಾಯಲ್ಲಿ ಸ್ವಲ್ಪ ದಪ್ಪ ಅನ್ಸೋದ್ರಲ್ಲಿ ಅದರದ್ದೂ ಪಾಲಿದೆ. ಪೊಟ್ಟಣದಲ್ಲಿರೋದು ಗ್ಲೂಕೋಅಮೈಲೇಸ್, ಸಾಮಾನ್ಯವಾಗಿ ಆಸ್ಪರ್ಜಿಲಸ್ ಅನ್ನೋ ಬೂಷ್ಟಿನಿಂದ ತೆಗೆಯೋದು. ಇದು ತುದಿಯಿಂದ ಒಂದೊಂದೇ ಮಣಿ ಬಿಡಿಸ್ಕೊಂಡು ಬಂದು ಕವಲನ್ನೂ ಕತ್ತರಿಸುತ್ತೆ, ನಿಧಾನ, ಆದ್ರೆ ಬಿಡಲ್ಲ. ಅಮೆರಿಕದಲ್ಲಿ 1967ರ ಹೊತ್ತಿಗೆ ಜೋಸೆಫ್ ಓವೇಡ್ಸ್ ಅನ್ನೋ ರಸಾಯನ ಶಾಸ್ತ್ರಜ್ಞ ಡಯಟ್ ಬಿಯರ್ ಮಾಡಿದ್ದು ಈ ಕಿಣ್ವದಿಂದ್ಲೇ.

ಈಗ ಅಳಿಯಂದ್ರ ಕ್ಯಾಲರಿಗೆ ಬರೋಣ. ಎನ್ಜೈಮು ಸಕ್ಕರೆ ತಿನ್ನಲ್ಲ ಸ್ವಾಮಿ, ಯೀಸ್ಟಿಗೆ ಬಡಿಸುತ್ತೆ, ಯೀಸ್ಟ್ ಅದನ್ನ ಆಲ್ಕೋಹಾಲ್ ಮಾಡುತ್ತೆ. 1 ಗ್ರಾಂ ಸಕ್ಕರೆಗೆ 4 ಕ್ಯಾಲರಿ. ಅದು ಹುಳಿ ಬಂದ್ರೆ ಅರ್ಧ ಗ್ರಾಂ ಗಾಳಿಯಾಗಿ ಹೋಗುತ್ತೆ, ಅರ್ಧ ಗ್ರಾಂ ಆಲ್ಕೋಹಾಲ್ ಆಗುತ್ತೆ, ಆಲ್ಕೋಹಾಲಿಗೆ ಗ್ರಾಂಗೆ 7 ಕ್ಯಾಲರಿ. ಅಲ್ಲಿಗೆ ಮೂರೂವರೆ. ಉಳಿದಿದ್ದೆಷ್ಟು? ಚಿಲ್ಲರೆ! ಹೊಟ್ಟೆ ಇದ್ದಂಗೇ ಇರುತ್ತೆ, ತಲೆ ಮಾತ್ರ ಜಾಸ್ತಿ ತಿರುಗುತ್ತೆ.

ಇದನ್ನ ತೋರಿಸೋಕೆ ಹೈಡ್ರೋಮೀಟರ್ ಇತ್ತು. ಡೇರೀಲಿ ಹಾಲಿಗೆ ಬಿಡ್ತಾರಲ್ಲ ಲ್ಯಾಕ್ಟೋಮೀಟರ್, ನೀರು ಬೆರೆಸಿದ್ರೆ ಮುಳುಗಿ ಮಾನ ತೆಗೆಯುತ್ತಲ್ಲ, ಅದ್ರ ಅಣ್ಣ. ಬರೀ ನೀರಲ್ಲಿ 1000 ತೋರಿಸುತ್ತೆ, ಸಕ್ಕರೆ ಕರಗಿದಷ್ಟೂ ಅಂಕಿ ಮೇಲೇರುತ್ತೆ. ಡ್ರಮ್ಮಿಗೆ ಹಾಕಿದ ದಿನ 1040 ಇತ್ತು. ಎನ್ಜೈಮ್ ಇಲ್ದೆ ಅದು 1010ರ ಹತ್ರ ನಿಲ್ಲುತ್ತೆ, ಬಿದ್ದಿದ್ದು 30, ಅದನ್ನ 7.6ರಿಂದ ಭಾಗಿಸಿದ್ರೆ ಹೆಚ್ಚೂಕಮ್ಮಿ ಶೇಕಡ 4 ಆಲ್ಕೋಹಾಲು. ಎನ್ಜೈಮ್ ಹಾಕಿ 1000ಕ್ಕೆ ಇಳಿದ್ರೆ ಶೇಕಡ 5 ದಾಟುತ್ತೆ. ಲೈಟ್ ಬೇಕಂದ್ರೆ ಶುರೂನಲ್ಲೇ ಕೈ ಹಿಡೀಬೇಕು, ಸಕ್ಕರೆ ಕಮ್ಮಿ ಮಾಡಿ 1032ಕ್ಕೆ ಶುರು ಮಾಡಿ ಎನ್ಜೈಮಿಂದ 1000ಕ್ಕೆ ಇಳಿಸಿದ್ರೆ ಅದೇ ಶೇಕಡ 4ರ ಚಿಲ್ಲರೆ ಸಿಗುತ್ತೆ, ಕ್ಯಾಲರಿ ನಿಜವಾಗ್ಲೂ ಕಮ್ಮಿ ಆಗುತ್ತೆ. ಬಿಯರಿಗೆ ಕಹಿ ಕೊಡೋ ಹಾಪ್ಸ್ ಹೂವು ಕೂಡ ಸ್ವಲ್ಪ ಕಮ್ಮಿ ಇರ್ಬೇಕು, ಸಿಹಿ ಹೋದ್ಮೇಲೆ ಕಹಿಗೆ ಮರೆ ಇರಲ್ಲ. ಪುಡಿ ಹಾಕೋದು ಯೀಸ್ಟಿನ ಜೊತೆಗೇ, ಪಾಕ ತಣ್ಣಗಾದ್ಮೇಲೆ, ಕುದಿಯೋದಕ್ಕೆ ಹಾಕಿದ್ರೆ ಕಿಣ್ವ ಸತ್ತು ದುಡ್ಡು ದಂಡ.

ಇಷ್ಟೆಲ್ಲಾ ಪಾಠ ಮಾಡಿದ ಮೇಷ್ಟ್ರೇ ಮುಂದಿನ ತಪ್ಪಿಗೆ ಸಾಕ್ಷಿ. ಹತ್ತನೇ ದಿನಕ್ಕೆ ಗುಳ್ಳೆ ನಿಂತಿತ್ತು, ಅಳತೆ 1008, ಮಾರನೇ ದಿನಾನೂ 1008. ಮುಗೀತು ಅಂದ್ಕೊಂಡ್ವಿ. ಮುಗಿದಿರ್ಲಿಲ್ಲ, ಗ್ಯಾರೇಜಿನ ಚಳಿಗೆ ಯೀಸ್ಟ್ ಮುದುರ್ಕೊಂಡು ಮಲಗಿತ್ತು ಅಷ್ಟೇ. ಗ್ಯಾಸ್ ಬರ್ಲಿ ಅಂತ ಲೀಟರಿಗೆ ಆರೇಳು ಗ್ರಾಂ ಸಕ್ಕರೆ ಹಾಕಿ ಬಾಟ್ಲಿಗೆ ತುಂಬಿ, ಬೆಚ್ಚಗಿರ್ಲಿ ಅಂತ ಮನೆ ಒಳಗೆ ಹೀಟರ್ ಇರೋ ರೂಮಲ್ಲಿ ಇಟ್ವಿ, ಹೀಟರ್ ರೂಮ್ ಐಡಿಯಾ ನಂದೇ. ಅಲ್ಲಿ ಯೀಸ್ಟ್ ಎದ್ದೇಳ್ತು, ಕಿಣ್ವ ಅಂತೂ ಮಲಗಿರ್ಲೇ ಇಲ್ಲ. 1008ರಿಂದ 1002ಕ್ಕೆ ಇಳಿಯೋದು ಅಂದ್ರೆ ಲೀಟರಿಗೆ ಇನ್ನೂ ಸುಮಾರು 12 ಗ್ರಾಂ ಸಕ್ಕರೆ ನಾವೇ ಹಾಕಿದ್ದಕ್ಕೆ ಸಮ. ಮೂರನೇ ವಾರ ರಾತ್ರಿ ಎರಡು ಗಂಟೆಗೆ ಢಮ್ ಅಂತು, ನಮ್ಮ ಮನೆಯವಳು "ಸಿಲಿಂಡರ್ರು!" ಅಂತ ಕಿರುಚಿ ಮೊಮ್ಮಗೂನ ಎತ್ಕೊಂಡು ಅಂಗಳಕ್ಕೆ ಓಡಿದ್ಲು. ಬೆಳಗಾಗೋದ್ರಲ್ಲಿ ಐದು ಬಾಟ್ಲಿ ಹೋಗಿತ್ತು, ಗೋಡೇಲಿ ಒಂದು ಗಾಜಿನ ಚೂರು ಸಿಗಾಕ್ಕೊಂಡಿತ್ತು, ಯಾರೂ ಆ ರೂಮಲ್ಲಿ ಮಲಗಿರ್ಲಿಲ್ಲ ಅನ್ನೋದೇ ಪುಣ್ಯ. ಉಳಿದಿದ್ದನ್ನ ಅಳಿಯಂದ್ರು ದಪ್ಪ ಜರ್ಕಿನ್ನು, ಹೆಲ್ಮೆಟ್ಟು, ಗ್ಲೌಸು ಹಾಕ್ಕೊಂಡು ಒಂದೊಂದಾಗಿ ಮೂತಿ ಸಡಿಲ ಮಾಡಿದ್ರು.

ಆಮೇಲೆ ಊರಿಂದ ತಗೊಂಡೋಗಿದ್ದ ಕಂಬಳಿ ಡ್ರಮ್ಮಿಗೆ ಹೋಯ್ತು. ಎರಡು ವಾರ, ಬೇಕಾದ್ರೆ ಮೂರು ವಾರ ಬಿಡೋದು, ಡ್ರಮ್ಮು ಬೆಚ್ಚಗಿದ್ದೂ 1000ದ ಆಸುಪಾಸಲ್ಲಿ ಅಳತೆ ಮೂರ್ನಾಲ್ಕು ದಿನ ಅಲ್ಲಾಡದೇ ಇದ್ರೆ ಮಾತ್ರ ಬಾಟ್ಲಿ ಅಂತ ಮಾತಾಯ್ತು. ಇನ್ನೊಂದು ಸಣ್ಣ ಪೆಟ್ಟೂ ತಿಂದ್ವಿ, ಡ್ರಮ್ಮಿನ ತಳದ ಯೀಸ್ಟ್ ಮಡ್ಡಿ ಉಳಿಸಿ ಮುಂದಿನ ಕಪ್ಪು ಬಿಯರಿಗೆ ಹಾಕಿದ್ರು, ಮಡ್ಡಿ ಜೊತೆ ಕಿಣ್ವಾನೂ ಹೋಗಿ ಆ ದಪ್ಪ ಬಿಯರ್ ನೀರು ಸಾರಾಯ್ತಂತೆ.

ನಾವು ಊರಿಗೆ ಬಂದು ವರ್ಷ ಆಯ್ತು. ಹೋದ ಭಾನುವಾರ ನಾನು ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂತಾ ಇದ್ದಾಗ ಫೋನ್ ಬಂತು. "ಮಾವ, ಎರಡು ದಿನದಿಂದ 1001 ತೋರಿಸ್ತಿದೆ, ಬಾಟ್ಲಿಗೆ ಹಾಕ್ಲಾ?"

"ಕಂಬಳಿ ಹೊದಿಸಿದ್ದೀರಾ?"

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಇಲ್ಲ ಮಾವ, ಮಗಳು ಟೆಂಟ್ ಮಾಡ್ಕೊಂಡು ಅದ್ರಲ್ಲಿ ಆಟ ಆಡ್ತಿದಾಳೆ."