ಕಡಲ ತಳದ ಭೂಕಂಪ ಮಾಪಕ: ಅಗ್ಗವಾಗಿ ಮಾಡೋದು ಹೇಗೆ?

(ದೃಶ್ಯ: ಕೆಆರ್‌ಎಸ್ ಅಣೆಕಟ್ಟೆ, ನೀರಿನ ಮಟ್ಟದ ಗುರುತು)

ನಮಸ್ಕಾರ. ಕಟ್ಟೆ ತುಂಬಿದ್ರೆ 124.80 ಅಡಿ. ಮಂಡ್ಯ, ಮೈಸೂರಿನವರಿಗೆಲ್ಲ ಈ ಸಂಖ್ಯೆ ಬಾಯಿಪಾಠ. ಮೀಟರ್ ಲೆಕ್ಕದಲ್ಲಿ ಸುಮಾರು 38. ನೀರಲ್ಲಿ ಹತ್ತು ಮೀಟರ್ ಇಳಿದಾಗಲೆಲ್ಲ ನಮ್ಮ ಮೇಲಿನ ಗಾಳಿಯಷ್ಟೇ ಒತ್ತಡ ಇನ್ನೊಂದು ಸಲ ಸೇರ್ಕೊಳ್ಳತ್ತೆ. ಕಟ್ಟೆಯ ತಳದಲ್ಲಿ ಅದು ಹೆಚ್ಚುಕಮ್ಮಿ ನಾಲ್ಕು ಪಟ್ಟು. 4000 ಮೀಟರ್ ಆಳದ ಸಾಗರದಲ್ಲಿ 400 ಪಟ್ಟು. ಅಲ್ಲಿಗೆ ಭೂಕಂಪ ಮಾಪಕ ಇಳಿಸಿ, ತಿಂಗಳುಗಟ್ಟಲೆ ಬಿಟ್ಟು, ಮತ್ತೆ ಮೇಲೆ ತರಬೇಕು.

ಅಷ್ಟು ಕಷ್ಟಪಡೋದು ಯಾಕೆ ಅಂದ್ರೆ, ಭೂಮಿಯ ಶೇ. 71 ಭಾಗ ಸಮುದ್ರ, ಮಾಪಕಗಳು ಬಹುಪಾಲು ನೆಲದ ಮೇಲೆ. 2004ರ ಡಿಸೆಂಬರ್ 26ರ ಸುನಾಮಿ ಎಬ್ಬಿಸಿದ ಸುಮಾತ್ರಾ ಭೂಕಂಪ ಹುಟ್ಟಿದ್ದು ಕಡಲ ತಳದ ಕೆಳಗೇ. ಅಂಥ ಕಡೆ ಆಗೋ ಸಣ್ಣ ಕಂಪನಗಳು ದೂರದ ನೆಲದ ಮಾಪಕಕ್ಕೆ ಸಿಗೋದೇ ಕಷ್ಟ.

(ದೃಶ್ಯ: ಮೇಜಿನ ಮೇಲೆ ಜಿಯೋಫೋನ್)

ಸೆನ್ಸರ್ ದೊಡ್ಡ ಖರ್ಚಲ್ಲ. ತೈಲ ಹುಡುಕೋರು ಬಳಸೋ 4.5 ಹರ್ಟ್ಸ್ ಜಿಯೋಫೋನ್ ಸಾಕು, ಅಂದ್ರೆ ಸೆಕೆಂಡಿಗೆ ನಾಲ್ಕೈದು ಸಲ ಇಲ್ಲವೇ ಇನ್ನೂ ವೇಗವಾಗಿ ಆಗೋ ನೆಲದ ಅಲುಗಾಟವನ್ನ ಚೆನ್ನಾಗಿ ಹಿಡಿಯೋ ಸೆನ್ಸರ್. ದೂರದ ದೊಡ್ಡ ಭೂಕಂಪದ ನಿಧಾನ ಅಲೆ ಇದಕ್ಕೆ ಸರಿಯಾಗಿ ಸಿಗಲ್ಲ, ಹತ್ತಿರದ ಸಣ್ಣ ಕಂಪನ ಚೆನ್ನಾಗಿ ಸಿಗತ್ತೆ. ಕವಚಕ್ಕೆ ದಪ್ಪ ಗಾಜಿನ ಗೋಳ. ಎರಡು ಅರ್ಧಗೋಳ ಜೋಡಿಸಿ ಒಳಗಿನ ಗಾಳಿ ಸ್ವಲ್ಪ ಹೀರಿದ್ರೆ ಆಯ್ತು. ಆಳಕ್ಕೆ ಹೋದಷ್ಟೂ ನೀರೇ ಅದನ್ನ ಬಿಗಿಯಾಗಿ ಒತ್ತಿ ಹಿಡಿಯತ್ತೆ. ಗೋಳ ತಾನೇ ತೇಲೋದ್ರಿಂದ ಬೇರೆ ತೇಲುಬುಂಡೆ ಖರ್ಚೂ ಉಳೀತು.

ನಿಜವಾದ ತಲೆನೋವು ಗಡಿಯಾರ. ಅಲೆ ಯಾವಾಗ ಬಂತು ಅನ್ನೋದ್ರಿಂದಲೇ ಭೂಕಂಪದ ಜಾಗ ಲೆಕ್ಕ ಹಾಕೋದು, ಆದ್ರೆ ನಿಖರ ಸಮಯ ಕೊಡೋ ಜಿಪಿಎಸ್ ಸಂಕೇತ ನೀರೊಳಗೆ ಇಳಿಯಲ್ಲ. ಸ್ಫಟಿಕದ ಗಡಿಯಾರ ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಿದ್ರೂ ಸುಮಾರು 12 ದಿನಕ್ಕೆ ಒಂದು ಸೆಕೆಂಡ್ ಹೋಯ್ತು. ಬಂಡೆಯಲ್ಲಿ ಭೂಕಂಪದ ಮೊದಲ ಅಲೆ ಸೆಕೆಂಡಿಗೆ ಆರು ಕಿಲೋಮೀಟರ್ ಆಸುಪಾಸು ಓಡತ್ತೆ, ಹಾಗಾಗಿ ಭೂಕಂಪದ ಜಾಗವೇ ಕಿಲೋಮೀಟರ್‌ಗಟ್ಟಲೆ ತಪ್ಪತ್ತೆ. ಪರಮಾಣು ಗಡಿಯಾರದ ಚಿಪ್ ಇದೆ, ಅದಕ್ಕೆ ಕೊಡೋ ದುಡ್ಡಲ್ಲಿ ಜಿಯೋಫೋನ್‌ಗಳ ರಾಶಿಯೇ ಬರತ್ತೆ. ಅಗ್ಗದ ದಾರಿ: ಇಳಿಸೋ ಮುಂಚೆ, ಎತ್ತಿದ ಮೇಲೆ, ಎರಡೂ ಸಲ ಜಿಪಿಎಸ್ ಜೊತೆ ಹೋಲಿಸಿ, ತಪ್ಪನ್ನ ನಡುವಿನ ದಿನಗಳಿಗೆ ಹಂಚೋದು.

ಕೊನೆಗೆ ವಾಪಸಾತಿ. ತೇಲೋ ಗೋಳವನ್ನ ತಳದಲ್ಲಿ ನಿಲ್ಲಿಸೋ ಭಾರದ ಲಂಗರನ್ನ ಸಣ್ಣ ತಂತಿ ಹಿಡಿದಿರತ್ತೆ. ಹಡಗಿಂದ ಶಬ್ದದ ಸಂಕೇತ ಬಂದ ಕೂಡ್ಲೇ ತಂತಿಗೆ ವಿದ್ಯುತ್. ಉಪ್ಪುನೀರಲ್ಲಿ ಅದು ಕೆಲವೇ ನಿಮಿಷದಲ್ಲಿ ಕರಗತ್ತೆ, ಲಂಗರು ಕಳಚಿ ಗೋಳ ಮೇಲೇಳತ್ತೆ. ಇಲ್ಲಿ ಮಾತ್ರ ದುಡ್ಡು ಉಳಿಸಬೇಡಿ. ಇದು ಕೈಕೊಟ್ರೆ ದಾಖಲೆಯೆಲ್ಲ ತಳದಲ್ಲೇ.

ಮೈಸೂರು, ಮಂಡ್ಯದ ಎಂಜಿನಿಯರಿಂಗ್ ವಿದ್ಯಾರ್ಥಿಗಳೇ, ಪ್ರಾಜೆಕ್ಟಿಗೆ ಸಮುದ್ರ ಬೇಕಿಲ್ಲ. ಆಳದ ನೀರು 2ರಿಂದ 4 ಡಿಗ್ರಿ, ಫ್ರಿಜ್ಜಿನ ತಣ್ಣಗೂ ಹೆಚ್ಚುಕಮ್ಮಿ ಅಷ್ಟೇ. ಗಡಿಯಾರದ ಬೋರ್ಡನ್ನ ಅದರೊಳಗಿಟ್ಟು, ತಿಂಗಳಾದ ಮೇಲೆ ಜಿಪಿಎಸ್ ಜೊತೆ ಹೋಲಿಸಿ. ಎಷ್ಟು ತಪ್ಪಿತು ಅಂತ ಕಾಮೆಂಟಲ್ಲಿ ಬರೀರಿ, ಮುಂದಿನ ವಿಡಿಯೋದಲ್ಲಿ ಆ ಅಂಕಿಗಳನ್ನೇ ಇಟ್ಕೊಂಡು ಲೆಕ್ಕ ಮಾಡೋಣ.